ಆರಾಮಕುರ್ಚಿ ಜಟ್ಟ

ಹೊನ್ನಾವರ ಬಂದರಿನ ಹಿಂದಿನ ಓಣಿಯಲ್ಲಿ ಜಟ್ಟನ ಮನೆ ಯಾವುದು ಎಂದು ವಿಚಾರಿಸಿದರೆ, "ಯಾವ ಜಟ್ಟ? ಕುರ್ಚಿ ಜಟ್ಟನಾ?" ಎಂದು ತಿರುಗಿ ಕೇಳುತ್ತಿದ್ದರು. ಆ ಸುತ್ತಿನಲ್ಲಿ ಜಟ್ಟಂದಿರಿಗೆ ಬರವಿರಲಿಲ್ಲ. ದೋಣಿ ಜಟ್ಟ, ಸುಣ್ಣದ ಜಟ್ಟ, ಕಿವುಡ ಜಟ್ಟ ಎಲ್ಲ ಇದ್ದರು. ಕುರ್ಚಿ ಜಟ್ಟ ಮಾತ್ರ ಒಬ್ಬನೇ.

ಅವನೇನೂ ಕುರ್ಚಿಯ ಕೆಲಸದ ಮನೆತನದಲ್ಲಿ ಹುಟ್ಟಿದವನಲ್ಲ. ಅಪ್ಪ ಹಮ್ಮ ಹಾಯಿ ಹೊಲಿಯುವವನು. ಮಂಗಳೂರಿನಿಂದ ಮುಂಬಯಿವರೆಗೆ ಹೆಂಚು, ಉಪ್ಪು, ಕಟ್ಟಿಗೆ ಹೇರಿಕೊಂಡು ಓಡಾಡುವ ಮಚವೆಗಳ ಹಾಯಿ ಗಾಳಿಗೆ ಸೀಳಿದರೆ, ಶರಾವತಿಯ ಅಳಿವೆಯೊಳಗೆ ಲಂಗರು ಹಾಕಿ ಹಮ್ಮನಿಗೆ ಹೇಳಿಕಳಿಸುತ್ತಿದ್ದರು. ಜಟ್ಟನೂ ಮೀಸೆ ಮೂಡುವ ಮೊದಲೇ ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು, ಮೇಣ ಹಚ್ಚಿದ ದಾರ ಎಳೆಯಲು ಕಲಿತಿದ್ದ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಮಚವೆಗಳು ಕಡಿಮೆಯಾಗಿದ್ದವು. ಸಾಮಾನು ಲಾರಿಯಲ್ಲಿ ಹೋಗತೊಡಗಿತ್ತು. ಉಳಿದ ದೋಣಿಗಳಿಗೂ ಒಂದೊಂದಾಗಿ ಇಂಜಿನ್ನು ಬರುತ್ತಿತ್ತು.

ಆಗ ಕುಮಟೆಯ ಒಬ್ಬ ಓವರ್ಸಿಯರರು ಬಂಗಲೆಯ ಹಳೇ ಆರಾಮಕುರ್ಚಿಯೊಂದನ್ನು ಗಾಡಿಯಲ್ಲಿ ತಂದು ಇವನ ಜಗಲಿಯ ಮುಂದೆ ಇಳಿಸಿದರು. ಅದರ ಹೊಟ್ಟೆ ಒಡೆದು ಸ್ಪ್ರಿಂಗು ಹೊರಗೆ ಬಂದಿತ್ತು. "ಗಾಳಿ ತಡಿಯೂ ಬಟ್ಟೆ ಹೊಲಿತೆ, ಮನಿಷರು ಕೂರೂ ಬಟ್ಟೆ ಹೊಲಿಯೂಕೆ ಬರೂದಿಲ್ವಾ?" ಎಂದರು. ಜಟ್ಟನಿಗೆ ಬರುತ್ತಿರಲಿಲ್ಲ. ಆದರೂ ಹೂಂ ಎಂದ. ಮೊಳೆ ಕಿತ್ತು, ಮೇಲಿನ ಬಟ್ಟೆ, ಅದರ ಕೆಳಗಿನ ಹತ್ತಿ, ಅದರ ಕೆಳಗಿನ ನಾರು, ಗೋಣಿತಟ್ಟು, ಸ್ಪ್ರಿಂಗು, ಅಡಿಯ ಪಟ್ಟಿ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಜಗಲಿಯುದ್ದಕ್ಕೂ ಹರಡಿಟ್ಟ. ಹೆಂಡತಿ ನಾಗು ಎರಡು ದಿನ ಆ ಸಾಲನ್ನು ದಾಟಿಕೊಂಡೇ ಒಳಗೆ ಹೊರಗೆ ಓಡಾಡಿದಳು. ಆಮೇಲೆ ಹಿಂದಿನಿಂದ ಮುಂದಕ್ಕೆ ಒಂದೊಂದನ್ನೇ ಒಳಗೆ ಸೇರಿಸುತ್ತ ಬಂದ. ಕೊಳೆತ ನಾರಿನ ಬದಲು ಕಾಗಾಲದ ಕಡೆಯ ಹೊಸ ತೆಂಗಿನ ನಾರು, ಮೇಲೆ ಬೂರುಗದ ಹತ್ತಿ, ಅದರ ಮೇಲೆ ಹಸಿರು ಬಟ್ಟೆ. ಓವರ್ಸಿಯರರು ಕುಳಿತು ನೋಡಿ, ಎದ್ದು, ಮತ್ತೆ ಕುಳಿತರು. ಅಷ್ಟರಿಂದ ಅವನ ಹೆಸರು ಕುಮಟೆಗೂ ಭಟ್ಕಳಕ್ಕೂ ಹೋಯಿತು.

ಆ ಕೆಲಸ ಅವನಿಗೆ ಬಹಳ ಹಿಡಿಸಿತ್ತು. ಹಳೇ ಕುರ್ಚಿಯೆಂದರೆ ಒಂದು ಮನೆಯ ಕಿಸೆಯಿದ್ದ ಹಾಗೆ. ಕೈ ಹಾಕಿದರೆ ಒಡೆದ ಬಳೆ, ತಲೆಯ ಪಿನ್ನು, ಹುಣಸೆಬೀಜ, ಅಡಿಕೆಚೂರು, ರಾಜನ ತಲೆಯಿರುವ ಸವೆದ ಬಿಲ್ಲೆ ಏನಾದರೊಂದು ಸಿಗುತ್ತಿತ್ತು. ಅವನ್ನೆಲ್ಲ ಒಂದು ಚೀಟಿಬಟ್ಟೆಯಲ್ಲಿ ಕಟ್ಟಿ ಕುರ್ಚಿಯ ಜೊತೆಗೇ ಹಿಂದಿರುಗಿಸುತ್ತಿದ್ದ. ಬಣ್ಣ ಮಾಸಿ, ಕುಸಿದು, ಮನೆಯವರೇ ಹಿಂದಿನ ಕೋಣೆಗೆ ತಳ್ಳಿದ್ದ ಕುರ್ಚಿ ಹೊಸ ಬಟ್ಟೆ ಉಟ್ಟು ನಿಂತಾಗ ಅವನಿಗೆ ತಾನೇ ಮಿಂದು ಬಂದಂತೆ ಅನಿಸುತ್ತಿತ್ತು.

ಐವತ್ತೊಂಬತ್ತರ ಮಳೆಗಾಲ ಮುಗಿದಾಗ ಭಟ್ಕಳದ ಮೀರಾನ್ ಸಾಹೇಬರ ಮನೆಯಿಂದ ಜೋಡಿ ಆರಾಮಕುರ್ಚಿಗಳು ಬಂದವು. ಸಾಹೇಬರ ತಂದೆ ಕೊಲಂಬೊದಲ್ಲಿ ವ್ಯಾಪಾರ ಮಾಡುವಾಗ ಹಡಗಿನಲ್ಲಿ ತರಿಸಿದ ಕುರ್ಚಿಗಳು. ಕರಿಮರದ ಕೈಗಳ ಮೇಲೆ ಬಳ್ಳಿ ಕೊರೆದಿತ್ತು. ಕೂರುವ ಜಾಗ ಇಲಿ ತಿಂದು ಹಾಳಾಗಿತ್ತು. ಬೇಸಿಗೆಯಲ್ಲಿ ಸಾಹೇಬರ ಮಗಳ ಮದುವೆ. ಮದುಮಗನನ್ನೂ ಅವನ ಅಜ್ಜನನ್ನೂ ಅದರಲ್ಲೇ ಕೂರಿಸಬೇಕೆಂದು ಸಾಹೇಬರ ತಾಯಿ ಬೀಬಿಮಾ ಹಟ ಹಿಡಿದಿದ್ದಾರೆಂದು ಕುರ್ಚಿ ತಂದವನು ಹೇಳಿದ. ಮದರಾಸಿನಿಂದ ತರಿಸಿದ ಕೆಂಪು ಮಖಮಲ್ಲನ್ನೂ ಕಳಿಸಿದ್ದರು.

ಒಂದು ಬೆಳಗ್ಗೆ ಜಟ್ಟ ಮೊದಲನೇ ಕುರ್ಚಿಗೆ ನಾರು ತುಂಬಿ, ಮೇಲೆ ಬಿಳಿ ಖಾದಿ ಎಳೆದು ಅಂಚು ಹೊಲಿಯುತ್ತಿದ್ದ. ನಾಗು ಬಾವಿಯಿಂದ ಕೊಡ ಹೊತ್ತು ಬಂದವಳು ನಿಂತಳು.

"ಅದೆಂತ ರಕ್ತ?"

ಜಟ್ಟ ನೋಡಿದ. ಬಿಳಿ ಬಟ್ಟೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಬಿದ್ದಿತ್ತು. ಬಾಗುಸೂಜಿ ಎಡಗೈಯ ಕಿರುಬೆರಳಿನ ಬದಿಯಲ್ಲಿ ಹೊಕ್ಕು ಹೊರಬಂದಿತ್ತು. ದಾರವೂ ಬೆರಳಿನೊಳಗಿಂದಲೇ ಹಾದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

"ಸೂಜಿ ಚುಚ್ಚಿತು, ಮತ್ತೆಂತ ಇಲ್ಲ," ಎಂದ. ನಾಗು ಅರಸಿನ ತರಲು ಒಳಗೆ ಹೋದಳು. ಅವನು ದಾರ ಕಡಿದು ಮೆಲ್ಲಗೆ ಎಳೆದುಕೊಂಡ. ಆಗಲೂ ಎಳೆದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ.

ಅವನು ಚಿಕ್ಕವನಿದ್ದಾಗ ಅಪ್ಪನಿಗೆ ಪರಿಚಯದ ಮಚವೆಯೊಂದರಲ್ಲಿ ಅಡಿಗೆಗೆ ಬೊಮ್ಮ ಎಂಬವನಿದ್ದ. ಬಂದರಿಗೆ ಬಂದಾಗೆಲ್ಲ ಜಟ್ಟನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದವನು. ಒಂದು ಸಲ ಅವನು ಉರಿಯುವ ಕೊಳ್ಳಿಯನ್ನು ಕೈಯಲ್ಲಿ ಹಿಡಿದುಕೊಂಡು ಮಾತಾಡುತ್ತಲೇ ಇದ್ದದ್ದನ್ನು ಯಾರೋ ಕಂಡರು. ಕುಷ್ಠದ ಹೆಸರೆತ್ತಲು ಹೆದರಿ, ದೊಡ್ಡರೋಗ ಎಂದರು. ಮತ್ತೆ ಅವನನ್ನು ದೋಣಿಗೆ ಹತ್ತಿಸಲಿಲ್ಲ. ಕಡಲದಂಡೆಯ ಕೇದಗೆಮೆಳೆಯ ಹತ್ತಿರ ಒಂದು ಗುಡಿಸಲು ಕಟ್ಟಿಕೊಟ್ಟರು. ದೂರದಲ್ಲಿ ಎಲೆಯ ಮೇಲೆ ಅನ್ನ ಇಟ್ಟು ಕೂಗಿ ಬರುತ್ತಿದ್ದರು. ಹಮ್ಮ ಮನೆಯಲ್ಲಿ ಅವನು ಮಲಗುತ್ತಿದ್ದ ಚಾಪೆಯನ್ನು ಸುಟ್ಟ. ಮಳೆಗಾಲ ಕಳೆದು ನೋಡುವಾಗ ಗುಡಿಸಲಿನಲ್ಲಿ ಯಾರೂ ಇರಲಿಲ್ಲ. ಎಲ್ಲಿ ಹೋದ ಎಂದು ಯಾರೂ ಕೇಳಲೂ ಇಲ್ಲ.

ಈಗ ಜಟ್ಟನಿಗೆ ಬೊಮ್ಮನ ಹೆಗಲು ನೆನಪಾಯಿತು. ಅವನ ಹಿಡಿಯಲ್ಲಿದ್ದ ತನ್ನ ಕಾಲುಗಳು ನೆನಪಾದವು.

ಅಂದಿನಿಂದ ಅವನು ಕದ್ದು ತನ್ನ ಕೈಯನ್ನು ಪರೀಕ್ಷಿಸತೊಡಗಿದ. ಬೀಡಿಯ ತುದಿ ಹತ್ತಿರ ತಂದು ನೋಡಿದ. ಬಚ್ಚಲಿನ ಬಿಸಿನೀರಿಗೆ ಒಂದೊಂದೇ ಬೆರಳು ಅದ್ದಿದ. ಹೆಬ್ಬೆರಳು, ತೋರುಬೆರಳು ಹಾರಿ ಬಂದವು. ಕಿರುಬೆರಳು ತಣ್ಣೀರಿನಲ್ಲಿದ್ದಂತೆ ಸುಮ್ಮನಿತ್ತು. ಮೊಣಕೈಯ ಹಿಂದೆ ಒಂದು ಬಿಳಚು ಮಚ್ಚೆ ಇತ್ತು. ಯಾವಾಗಿನಿಂದ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸೆಕೆಯಲ್ಲೂ ತೋಳುದ್ದದ ಅಂಗಿ ಹಾಕತೊಡಗಿದ.

ರಕ್ತ ಬಿದ್ದ ಖಾದಿಯನ್ನು ಬಿಚ್ಚಿ ಒಲೆಗೆ ಹಾಕಿದ. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ರಕ್ತ ನಾರಿಗೆ ಇಳಿದಿದ್ದರೆ? ತುಂಬಿದ ನಾರನ್ನೆಲ್ಲ ಹೊರಗೆ ತೆಗೆದು, ಹಂಡೆಯಲ್ಲಿ ಹೊಸ ನಾರು ಕುದಿಸಿ, ಬಿಸಿಲಿಗೆ ಹರಡಿ, ಮತ್ತೆ ತುಂಬಿದ. "ನಾರನ್ನ ಗೆಣಸಿನಂಗೆ ಬೇಯಿಸೂದು ನಾ ಎಲ್ಲೂ ಕಂಡಿಲ್ಲ," ಎಂದು ನಾಗು ನಕ್ಕಳು. ಅವನು ನಗಲಿಲ್ಲ. ಎಡಗೈಗೆ ಹಳೇ ತೊಗಲಿನ ಚೀಲ ಹೊಲಿದುಕೊಂಡು ಕೆಲಸ ಮಾಡಿದ. ಮಖಮಲ್ಲಿನ ಮೇಲೆ ಬರಿಗೈ ಇಡಲಿಲ್ಲ. ಕುರ್ಚಿಗಳು ಅಷ್ಟು ಚೆಂದ ಬಂದದ್ದು ಹಿಂದೆಂದೂ ಇರಲಿಲ್ಲ. ಓಣಿಯ ಜನ ಬಂದು ನೋಡಿಕೊಂಡು ಹೋದರು. ಜಟ್ಟನಿಗೆ ಮಾತ್ರ ಅವು ಯಾವಾಗ ತಾರಿದೋಣಿಯಲ್ಲಿ ಶರಾವತಿ ದಾಟಿ ಕಣ್ಣಿಂದ ಮರೆಯಾದಾವೋ ಅನಿಸುತ್ತಿತ್ತು. ಮರೆಯಾದ ಮೇಲೆ ಇನ್ನೂ ಹೆಚ್ಚು ಕಾಡಿದವು. ಬೀಬಿಮಾ ಆ ಕರಿಮರದ ಕೈಯನ್ನು ಸವರುತ್ತ ಕೂತಿರುವುದು, ಸವರಿದ ಕೈಯಲ್ಲೇ ಮೊಮ್ಮಕ್ಕಳ ಕೆನ್ನೆ ಹಿಡಿಯುವುದು ಕಣ್ಣಿಗೆ ಕಟ್ಟುತ್ತಿತ್ತು.

ಮನೆಯಲ್ಲಿ ಅವನು ಬೇರೆಯಾದ. ತಟ್ಟೆ ಬಿಟ್ಟು ಬಾಳೆಲೆಯಲ್ಲಿ ಉಂಡ. ಸೆಕೆ ಎಂದು ಜಗಲಿಯಲ್ಲಿ ಮಲಗಿದ. ಮಗಳು ಬೆಳ್ಳಿ ಆಗಿನ್ನೂ ತೊದಲುತ್ತಿದ್ದಳು. ಓಡಿ ಬಂದು ಬೆನ್ನಿಗೆ ಬಿದ್ದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದ. ಮಗು ಮೊದಲು ಅದನ್ನೊಂದು ಆಟ ಎಂದುಕೊಂಡಿತು. ಆಮೇಲೆ ಬರುವುದನ್ನು ಬಿಟ್ಟಿತು.

"ಎಂತ ಹರಕೆ ಹೊತ್ಕಂಡಿದ್ದೆ?" ಎಂದು ನಾಗು ಕೇಳಿದಳು. "ಎಂತ ಇಲ್ಲ." "ಭಟ್ಕಳದ ಬದಿಗೆ ಯಾರಾದ್ರೂ ಇದ್ರೆ ಹೇಳಿಬಿಡು." ಅವನು ಅವಳ ಮುಖ ನೋಡಿದ. ಹೌದು ಎಂದುಬಿಟ್ಟರೆ ಎಷ್ಟು ಸುಲಭ ಎಂದು ಒಂದು ಗಳಿಗೆ ಅನಿಸಿತು. ಸಿಟ್ಟಿನಿಂದ ಮಗುವನ್ನು ಕರೆದುಕೊಂಡು ತವರಿಗೆ ಹೋದಾಳು, ಇಬ್ಬರೂ ಉಳಿದುಕೊಂಡಾರು. ಆದರೆ ಬಾಯಿ ಬರಲಿಲ್ಲ.

ಅದು ಬಯಲಾದದ್ದು ಒಂದು ಮಧ್ಯಾಹ್ನ. ಅವನು ಉಣ್ಣಲು ಕುಳಿತು ಎಡಗೈಯನ್ನು ನೆಲಕ್ಕೆ ಊರಿದ್ದ. ನಾಗು ಬಗ್ಗಿ ಎಲೆಗೆ ಗಂಜಿ ಬಡಿಸುವಾಗ ಪಾತ್ರೆ ಜಾರಿತು. ಕುದಿಯುತ್ತಿದ್ದ ಗಂಜಿಯ ತೆಳಿನೀರು ಅವನ ಎಡಗೈಯ ಅಂಚಿನ ಮೇಲೆ ಚೆಲ್ಲಿತು. ಅವನು ಉಪ್ಪಿನಕಾಯಿ ನೆಂಚಿಕೊಂಡು ತುತ್ತು ನುಂಗಿದ.

ನಾಗು ಕೂಗಿದಳು. ಆ ಕೂಗಿಗೆ ಅವನು ಬೆಚ್ಚಿದ, ಸುಟ್ಟದ್ದಕ್ಕಲ್ಲ. ಅವಳು ಅವನ ಕೈಯನ್ನು ಹಿಡಿಯಲು ಬಂದಳು. ಅವನು ಹಿಂದೆ ಎಳೆದುಕೊಂಡ. ಚರ್ಮ ಕೆಂಪಗೆ ಉಬ್ಬುತ್ತಿತ್ತು. ಅವಳು ಅವನ ಮುಖವನ್ನೂ ಕೈಯನ್ನೂ ನೋಡಿದಳು. ಬಾಳೆಲೆ, ಜಗಲಿ, ತೋಳುದ್ದದ ಅಂಗಿ ಎಲ್ಲವೂ ಅವಳಿಗೆ ಒಮ್ಮೆಲೇ ಅರ್ಥವಾಗಿರಬೇಕು. ಗೋಡೆಗೆ ಒರಗಿ ಕುಸಿದು ಕುಳಿತಳು.

"ಯಾವಾಗಿಂದ?"

"ಮಳೆ ಬಿಟ್ಟಾಗಿಂದ. ಮುಂಚೆ ಇತ್ತೋ ಏನೋ ಗೊತ್ತಿಲ್ಲ."

"ನಂಗೆ ಹೇಳೂಕೆ ಎಂತ ಆಗಿತ್ತು ನಿಂಗೆ?"

"ಹೇಳಿದ್ರೆ ನೀನು ಬೆಳ್ಳಿನ ಕರ್ಕಂಡು ಹೋಗಬೇಕಾತಿತ್ತು. ಹೋಗೂದೇ ಸರಿ."

"ಹೋಗೂದು ಬಿಡೂದು ನಾ ನೋಡ್ಕಂತೆ," ಎಂದಳು ನಾಗು. "ಮೊದ್ಲು ಡಾಕ್ಟ್ರಿಗೆ ತೋರ್ಸುವ. ಇಲ್ಲಿ ಬೇಡ. ಕುಮಟೆಗೆ ಹೋಗುವ, ಅಲ್ಲಿ ನಮ್ಮನ್ನ ಅಷ್ಟು ಜನ ಕಂಡವರಿಲ್ಲ."

ಕುಮಟೆಯ ಬಸ್ಸಿನಲ್ಲಿ ಅವನು ಯಾರಿಗೂ ತಾಗದಂತೆ ಹಿಂದಿನ ಮೂಲೆಯಲ್ಲಿ ನಿಂತೇ ಹೋದ. ಧಾರೇಶ್ವರದಲ್ಲಿ ಬಸ್ಸು ನಿಂತಾಗ ಗುರುತಿನವರೊಬ್ಬರು ಹತ್ತಿ, "ಏನ್ ಜಟ್ಟ, ಸಂಸಾರ ಸಮೇತ ಎತ್ಲಾಗೆ?" ಎಂದರು. "ನೆಂಟರ ಮನೆಗೆ," ಎಂದಳು ನಾಗು, ಅವನಿಗಿಂತ ಮೊದಲೇ.

ಡಾಕ್ಟರ್ ನಾಡಕರ್ಣಿಯವರು ವಯಸ್ಸಾದವರು. ಮಾತು ಕಡಿಮೆ. ಜಟ್ಟನ ಕಣ್ಣು ಮುಚ್ಚಿಸಿ ಕೋಳಿಗರಿಯಿಂದ ತೋಳಿನ ಮೇಲೆ ಅಲ್ಲಲ್ಲಿ ಮುಟ್ಟಿದರು, "ಎಲ್ಲಿ ಮುಟ್ಟಿದೆ, ತೋರಿಸು," ಎಂದರು. ಬಿಸಿನೀರಿನದೊಂದು, ತಣ್ಣೀರಿನದೊಂದು ಗಾಜಿನ ನಳಿಗೆ ತಾಗಿಸಿ ಯಾವುದು ಯಾವುದೆಂದು ಕೇಳಿದರು. ಮೊಣಕೈಯ ಒಳಬದಿಯನ್ನು ಒತ್ತಿ, ಚರ್ಮದಡಿಯಲ್ಲಿ ಹುರಿಯಂತೆ ದಪ್ಪಗಾದ ನರವನ್ನು ಬೆರಳಿನಲ್ಲಿ ಹೊರಳಿಸಿದರು. ಜಟ್ಟ ಕಣ್ಣು ತೆರೆದಾಗ ಡಾಕ್ಟರರ ಮುಖ ನೋಡಲು ಧೈರ್ಯವಾಗದೆ ಅವರ ಕುರ್ಚಿಯನ್ನು ನೋಡಿದ. ಹಿಂದೆ ಒರಗುವಲ್ಲಿ ರೆಕ್ಸಿನ್ನು ಸೀಳಿ ನಾರು ಹೊರಗೆ ಇಣುಕುತ್ತಿತ್ತು.

"ದೊಡ್ಡರೋಗವಾ?" ಎಂದು ನಾಗುವೇ ಕೇಳಿದಳು.

"ಹೌದು," ಎಂದರು ಡಾಕ್ಟರು. "ಆದರೆ ಬೇಗ ಬಂದಿದ್ದೀರಿ. ಈಗ ಇದಕ್ಕೆ ಮಾತ್ರೆ ಇದೆ. ವರ್ಷಗಟ್ಟಲೆ ತಗೊಬೇಕು. ಒಂದು ದಿನವೂ ಬಿಡಬಾರದು. ಹೋದ ಸ್ಪರ್ಶ ತಿರುಗಿ ಬರುತ್ತದೆ ಅಂತ ಹೇಳುವುದಿಲ್ಲ. ಮುಂದಕ್ಕೆ ಹೋಗದ ಹಾಗೆ ತಡೆಯಬಹುದು."

"ಮಗುನ ಎತ್ಕಂಬೂದು?" ಎಂದು ಜಟ್ಟ ಕೇಳಿದ.

"ಎತ್ಕೊ. ನಿನ್ನದು ಸುಲಭಕ್ಕೆ ಹರಡುವ ಜಾತಿಯದಲ್ಲ. ಮಗುವನ್ನೂ ಆಗಾಗ ಕರ್ಕೊಂಡು ಬಾ, ನೋಡುತ್ತೇನೆ. ನೀನು ಮಾತ್ರ ಬಿಸಿ ಪಾತ್ರೆ ಮುಟ್ಟಬೇಡ."

"ನಾ ಕುರ್ಚಿ ಹೊಲಿತೆ ಸ್ವಾಮಿ. ಅದರಲ್ಲಿ ಜನ ಕೂರ್ತಾರೆ."

"ಕೂರಲಿ. ಕುರ್ಚಿಯಿಂದ ಬರುವ ಕಾಯಿಲೆ ಅಲ್ಲ ಇದು."

ಹೊರಗೆ ಬಂದ ಮೇಲೆ ನಾಗು ಮಾತ್ರೆಯ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತಳು. ಜಟ್ಟನಿಗೆ ಅಳು ಬರಲಿಲ್ಲ. ಅವನ ತಲೆಯಲ್ಲಿ ಕೆಂಪು ಮಖಮಲ್ಲು ಕೂತಿತ್ತು. ಡಾಕ್ಟರು ಹೇಳಿದ್ದು ನಿಜವಿರಬಹುದು. ಆದರೆ ಸಾಹೇಬರು ಡಾಕ್ಟರರಲ್ಲಿ ಕೇಳಿಲ್ಲವಲ್ಲ. ತಿಳಿಯದೆ ಕೂರುವುದೇ ಬೇರೆ, ತಿಳಿದು ಕೂರುವುದೇ ಬೇರೆ. ಮದುವೆ ಹತ್ತಿರ ಬರುತ್ತಿತ್ತು. ಹೇಳಿಬಿಡಬೇಕು ಎಂದಾಗ ನಾಗು ಸಿಡಿದಳು.

"ಡಾಕ್ಟ್ರೇ ಇಲ್ಲ ಅಂದ ಮೇಲೆ ಹೇಳೂದು ಎಂತಕ್ಕೆ? ನಾಳೆ ಊರೆಲ್ಲ ಕಲ್ಲು ಹೊಡೆದ್ರೆ ಬೆಳ್ಳಿನ ಎಲ್ಲಿ ಅಡಗಿಸಿಡ್ತೆ?"

ಆದರೂ ಎರಡು ವಾರ ಸಂಕಟಪಟ್ಟು, ಒಂದು ಬೆಳಗ್ಗೆ ಅವಳಿಗೆ ಹೇಳದೆ ತಾರಿ ದಾಟಿ, ಆಚೆ ದಡದ ಕಾಸರಕೋಡಿನಿಂದ ಭಟ್ಕಳದ ಬಸ್ಸು ಹಿಡಿದ.

ಸಾಹೇಬರ ಮನೆಗೆ ಸುಣ್ಣ ಬಳಿಯುತ್ತಿದ್ದರು. ಒಳಗಿನಿಂದ ಹೆಂಗಸರ ನವಾಯತಿ ಮಾತು, ನಗು ಕೇಳುತ್ತಿತ್ತು. ಪಡಸಾಲೆಯಲ್ಲಿ ಅವನ ಕುರ್ಚಿಗಳು ಬೆಡ್‌ಶೀಟು ಹೊದ್ದು ನಿಂತಿದ್ದವು. ಅಷ್ಟರಲ್ಲಿ ಬೀಬಿಮಾ ಬಾಗಿಲ ಪರದೆಯ ಹಿಂದಿನಿಂದಲೇ, "ಜಟ್ಟ ಬಂದನಾ? ಅವನಿಗೆ ಚಹ ಕೊಡಿ. ಕೂತರೆ ಹತ್ತಿ ಮೋಡದ ಮೇಲೆ ಕೂತ ಹಾಗಾಗುತ್ತೆ," ಎಂದರು. ಕೂತಿದ್ದಾರೆ, ಆಗಲೇ ಕೂತಿದ್ದಾರೆ. ಬಂದ ಚಹದ ಲೋಟವನ್ನು ಜಟ್ಟ ಮುಟ್ಟಲಿಲ್ಲ.

ಮೀರಾನ್ ಸಾಹೇಬರು ಹೊರಗೆ ಬಂದರು. "ಏನು, ಮುಖ ಹೀಗಿದೆ?" "ಸಾಹೇಬ್ರು ಸ್ವಲ್ಪ ಆಚೆ ಬರಬೇಕು," ಎಂದ. ತೆಂಗಿನಮರದ ಕೆಳಗೆ ನಿಂತು, ಅಂಗಿಯ ತೋಳು ಮಡಚಿ, ಮಚ್ಚೆಯನ್ನೂ ಸುಟ್ಟ ಗುರುತನ್ನೂ ತೋರಿಸಿ ಎಲ್ಲವನ್ನೂ ಹೇಳಿದ. ರಕ್ತ ಬಿದ್ದದ್ದು, ಬಟ್ಟೆ ಸುಟ್ಟದ್ದು, ನಾರು ಬೇಯಿಸಿದ್ದು, ಡಾಕ್ಟರು ಅಂದದ್ದು ಒಂದನ್ನೂ ಬಿಡಲಿಲ್ಲ. ಸಾಹೇಬರು ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು.

"ಕುರ್ಚಿಯಿಂದ ಬರುವುದಿಲ್ಲ ಅಂತ ಡಾಕ್ಟರು ಹೇಳಿದರಾ?"

"ಹೂಂ."

"ನೀನು ನಂಬ್ತೀಯಾ?"

ಜಟ್ಟನಿಗೆ ಸುಳ್ಳು ಹೇಳಲಾಗಲಿಲ್ಲ. "ನಂಬೂಕೆ ನೋಡ್ತಾ ಇದ್ದೆ ಸಾಹೇಬ್ರೇ."

"ನಿನ್ನ ಮಗಳನ್ನು ಎತ್ತಿಕೊಂಡೆಯಾ?"

"...ಇಲ್ಲ. ಇನ್ನೂ ಇಲ್ಲ."

"ಮತ್ತೆ ನನ್ನ ತಾಯಿ ಕೂತಾಯಿತಲ್ಲ," ಎಂದರು ಸಾಹೇಬರು. ದನಿಯಲ್ಲಿ ಸಿಟ್ಟಿತ್ತೋ ಹೆದರಿಕೆಯಿತ್ತೋ ಜಟ್ಟನಿಗೆ ಗೊತ್ತಾಗಲಿಲ್ಲ. ಮನೆಯ ಕಡೆ ಒಮ್ಮೆ ನೋಡಿ, "ನೀನಿನ್ನು ಹೋಗು. ಇದನ್ನು ಬೇರೆ ಯಾರಿಗೂ ಹೇಳಬೇಡ," ಎಂದು ಒಳಗೆ ಹೋದರು.

ಆ ಬೇಸಿಗೆಯಷ್ಟು ಕೆಟ್ಟ ಬೇಸಿಗೆ ಜಟ್ಟನ ಬಾಳಿನಲ್ಲಿ ಬಂದಿರಲಿಲ್ಲ. ವಿಷಯ ತಿಳಿದ ನಾಗು ಹಲವು ದಿನ ಅವನೊಡನೆ ಮಾತಾಡಲಿಲ್ಲ. ಮಾತ್ರೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಅಂಗೈಯಲ್ಲಿಡುತ್ತಿದ್ದಳು. ಓಣಿಯಲ್ಲಿ ನಾಲ್ಕು ಜನ ನಿಂತು ಮಾತಾಡಿದರೆ ಇಬ್ಬರ ಮೈಯೂ ಕಿವಿಯಾಗುತ್ತಿತ್ತು. ನೆರೆಮನೆಯ ಲಕ್ಕಿ ಬೆಂಕಿ ಕೇಳಲು ಬಾರದಿದ್ದರೆ, ಗೊತ್ತಾಯಿತೇನೋ. ಬಂದರೆ, ಪತ್ತೆ ಮಾಡಲು ಬಂದಳೇನೋ. ಭಟ್ಕಳದಿಂದ ಒಂದು ಕೆಲಸವೂ ಬರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ತಾರಿಯ ಮೇಲೆ ಭಟ್ಕಳದ ಜವಳಿ ವ್ಯಾಪಾರಿಯೊಬ್ಬ ಸಿಕ್ಕಿದ. ಜಟ್ಟನ ಗುರುತು ಅವನಿಗಿರಲಿಲ್ಲ. ಪಕ್ಕದವನೊಂದಿಗೆ ಮೀರಾನ್ ಸಾಹೇಬರ ಮನೆಯ ಮದುವೆಯ ಸುದ್ದಿ ಹೇಳುತ್ತಿದ್ದ. "ಕುರ್ಚಿ ಬಾಡಿಗೆಗೆ ತರಿಸಿದರಂತೆ ಮಾರಾಯ. ಹೊನ್ನಾವರದವನೊಬ್ಬ ಹಳೇ ಕುರ್ಚಿ ರಿಪೇರಿ ಮಾಡಿದ್ದನಂತೆ, ಸ್ಪ್ರಿಂಗು ನಿಲ್ಲಲಿಲ್ಲ, ಕೂತವರು ಬಿದ್ದಾರು ಅಂತ ಸಾಹೇಬರೇ ಎತ್ತಿಸಿ ಮಾಳಿಗೆಯ ತಮ್ಮ ಕೋಣೆಗೆ ಹಾಕಿಸಿದರು. ಈಗ ಅವರೊಬ್ಬರೇ ಅದರಲ್ಲಿ ಕೂರೋದು. ಮುದುಕಿಯನ್ನೂ ಕೂರಲು ಬಿಡುವುದಿಲ್ಲ."

ಜಟ್ಟ ತಿರುಗಿ ನೋಡಿದ. ತನ್ನ ಸ್ಪ್ರಿಂಗು! ಹಾಯಿಯ ದಾರದಿಂದ ಎಂಟು ದಿಕ್ಕಿಗೂ ಬಿಗಿದು ಕಟ್ಟಿದ ಸ್ಪ್ರಿಂಗು ನಿಲ್ಲಲಿಲ್ಲವಂತೆ. ಎದ್ದು ಹೋಗಿ ನಾನೇ ಆ ಹೊನ್ನಾವರದವನು ಎನ್ನಬೇಕೆನಿಸಿತು. ದೋಣಿ ಅಳಿವೆಯ ಸುಳಿಯಲ್ಲಿ ಒಮ್ಮೆ ಓಲಾಡಿತು. ಅವನು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದಂತೆಯೇ ಮಾತಿನ ಒಳಗು ಅವನಿಗೆ ಮೆಲ್ಲಗೆ ತಿಳಿಯುತ್ತ ಬಂತು. ಸಾಹೇಬರು ತಪ್ಪನ್ನು ಸ್ಪ್ರಿಂಗಿನ ಮೇಲೆ ಹಾಕಿದ್ದರು. ಬೇರೆ ಮಾತೂ ಹೇಳಬಹುದಿತ್ತು, ಹೇಳಿರಲಿಲ್ಲ. ಅನುಮಾನದಿಂದ ಮನೆಯವರನ್ನು ದೂರ ಇಟ್ಟು, ತಾವು ಮಾತ್ರ ಅದರಲ್ಲಿ ಕೂತಿದ್ದರು. ಆಚೆ ದಡ ಬರುವವರೆಗೂ ಜಟ್ಟ ನೀರು ನೋಡುತ್ತ ಕುಳಿತ.

ಮನೆಗೆ ಬಂದು ನಾಗುವಿಗೆ ಹೇಳಿದ. ಅವಳು ಕೇಳಿ, "ಕೆಲಸ ಬರದವ ಅಂದ್ರಲ್ಲ ಪಾಪ ನಿನ್ನ," ಎಂದಳು. ಆ ಬೇಸಿಗೆಯಲ್ಲಿ ಮೊದಲ ಬಾರಿ ಅವಳ ದನಿ ಮೆತ್ತಗಾಗಿತ್ತು. ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದ ಬೆಳ್ಳಿಯನ್ನು ಹಿಡಿದು ತಂದು ಅವನ ತೊಡೆಯ ಮೇಲೆ ಕೂರಿಸಿದಳು. ಮಗು ಬಿಗಿಯಾಗಿ ಕೂತಿತು. ಎದ್ದು ಹೋಗಬೇಕೋ ಬೇಡವೋ ತಿಳಿಯದೆ ಅಮ್ಮನನ್ನು ನೋಡಿತು. ಜಟ್ಟ ಬಲಗೈಯಿಂದ ಮಾತ್ರ ಅದರ ಬೆನ್ನು ಹಿಡಿದುಕೊಂಡ.

ಭಟ್ಕಳ ಕೈಬಿಟ್ಟಿತು, ಕುಮಟೆ ಹಿಡಿಯಿತು. ಕಿರುಬೆರಳೂ ಅದರ ಪಕ್ಕದ ಬೆರಳೂ ಸ್ವಲ್ಪ ಬಾಗಿಯೇ ನಿಂತವು. ಒಳಹೊಲಿಗೆಯಲ್ಲಿ ಎಡಗೈ ಎಲ್ಲಿದೆ ಎಂದು ಕಣ್ಣಿಟ್ಟು ನೋಡಬೇಕಾಗುತ್ತಿತ್ತು. ಕತ್ತಲಾದ ಮೇಲೆ ಸೂಜಿ ಮುಟ್ಟುತ್ತಿರಲಿಲ್ಲ. ಎಡಬದಿಯ ಗಂಟುಗಳನ್ನು ನಾಗು ಕಟ್ಟತೊಡಗಿದಳು. ಬರುಬರುತ್ತ ಬಟ್ಟೆ ಕತ್ತರಿಸುವುದೂ ಅವಳದೇ ಆಯಿತು. ಯಾವ ಮರಕ್ಕೆ ಯಾವ ಬಣ್ಣ ಹೊಂದುತ್ತದೆ ಎಂಬುದು ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಒಂದು ಸಂಗತಿ ಮಾತ್ರ ಜಟ್ಟನನ್ನು ವರ್ಷಗಟ್ಟಲೆ ತಿಂದಿತು. ಡಾಕ್ಟರ್ ನಾಡಕರ್ಣಿಯವರ ಕುರ್ಚಿಯ ಸೀಳು ಪ್ರತಿ ಸಲ ಹೋದಾಗಲೂ ಹಿಂದಿನದಕ್ಕಿಂತ ದೊಡ್ಡದಾಗಿರುತ್ತಿತ್ತು. ಕುರ್ಚಿ ಹೊಲಿಯುವವನು ಎದುರಿಗೇ ಕೂತಿದ್ದರೂ ಡಾಕ್ಟರು ಒಮ್ಮೆಯೂ ಸರಿಮಾಡಿಕೊಡು ಎನ್ನಲಿಲ್ಲ. ಕುರ್ಚಿಯಿಂದ ಬರುವುದಿಲ್ಲ ಎಂದವರೇ ತಮ್ಮ ಕುರ್ಚಿ ಕೊಡಲು ಹೆದರುತ್ತಾರೆ ಎಂದರೆ ಹೇಳಿದ್ದು ಬರೀ ಸಮಾಧಾನಕ್ಕೆ. ಹಾಗಾದರೆ ಕುಮಟೆಯ ಅಷ್ಟು ಮನೆಗಳ ಕುರ್ಚಿಗಳು? ಮಗಳು? ನಾಗು? ವಾಪಸು ಬರುವ ಬಸ್ಸಿನುದ್ದಕ್ಕೂ ಅವನು ಅದನ್ನೇ ತಿರುವಿ ತಿರುವಿ ಹಾಕುತ್ತಿದ್ದ. ಒಂದು ಸಲ ತಡೆಯಲಾಗದೆ ನಾಗುವಿಗೆ ಹೇಳಿದ. ಮುಂದಿನ ಸಲ ಅವಳು ಬಾಗಿಲು ದಾಟಿದ್ದೇ ಕೇಳಿಬಿಟ್ಟಳು.

"ಈ ಕುರ್ಚಿ ಹೊಲಿಯೂಕೆ ನಮ್ಗೆ ಎಂತಕ್ಕೆ ಕೊಡೂದಿಲ್ಲ ನೀವು?"

"ಯಾವ ಕುರ್ಚಿ?"

"ನೀವು ಕೂತದ್ದು."

ಡಾಕ್ಟರು ಎದ್ದು, ತಿರುಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಸೀಳಿನೊಳಗೆ ಬೆರಳು ಹಾಕಿ ನಾರು ಎಳೆದರು. "ಅಯ್ಯೋ, ಇದು ಯಾವಾಗ ಹರಿಯಿತು!" ಎಂದು ಜಟ್ಟನ ಕಡೆ ತಿರುಗಿದರು. "ನಾನು ಇದರಲ್ಲಿ ಕೂರುವವನೇ ಹೊರತು ಇದನ್ನು ನೋಡುವವನಲ್ಲವಲ್ಲ. ನಾಲ್ಕು ವರ್ಷದಿಂದ ನೋಡುತ್ತ ಕೂತಿದ್ದವನು ನೀನು. ಬಾಯಿ ಬಿಟ್ಟು ಹೇಳಬಾರದಿತ್ತಾ?" ನಾಗು ಸೆರಗು ಬಾಯಿಗೆ ಹಿಡಿದು ನಕ್ಕಳು. ಜಟ್ಟನೂ ನಕ್ಕ. ಕುರ್ಚಿಯನ್ನು ಅಂದೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಅದು ಹೊಲಿದು ಬರುವವರೆಗೆ ಡಾಕ್ಟರು ಮರದ ಸ್ಟೂಲಿನ ಮೇಲೆ ಕೂತು ರೋಗಿಗಳನ್ನು ನೋಡಿದರಂತೆ.

ಅರವತ್ತಾರರ ಚಳಿಗಾಲದಲ್ಲಿ ಡಾಕ್ಟರು ಮತ್ತೆ ಗರಿ, ನಳಿಗೆ ಎಲ್ಲ ಮುಟ್ಟಿಸಿ ನೋಡಿ, "ಇನ್ನು ಮಾತ್ರೆ ಸಾಕು," ಎಂದರು. ಜಟ್ಟನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಕೈಹಿಡಿದ ಹಗ್ಗ ಬಿಟ್ಟಂತಾಯಿತು. ಬೆಳಗ್ಗೆ ಎದ್ದು ಬರಿಗೈ ಚಾಚಿ ಕೂರುತ್ತಿದ್ದ. "ಎಂತ, ಚಟ ಹಿಡೀತಾ?" ಎಂದು ನಾಗು ಅವನ ಅಂಗೈಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದಳು.

ಮೀರಾನ್ ಸಾಹೇಬರಿಂದ ಆಮೇಲೂ ಯಾವ ಮಾತೂ ಬರಲಿಲ್ಲ. ಜಟ್ಟನೂ ಅವರ ಮನೆಯ ದಾರಿ ತುಳಿಯಲಿಲ್ಲ. ಊರಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಬಾಗಿದ ಬೆರಳುಗಳು ಸೂಜಿ ಹಿಡಿದು ಹಿಡಿದು ಹಾಗಾದವು ಎಂದೇ ಜನ ತಿಳಿದಿದ್ದರು.

ಆದರೂ ಒಂದು ರೂಢಿ ಅವನನ್ನು ಬಿಡಲಿಲ್ಲ. ಪ್ರತಿ ಭಾನುವಾರ ಬೆಳ್ಳಿ ತಲೆ ಮಿಂದು ಬಂದಾಗ ಅವಳನ್ನು ಬಿಸಿಲಿಗೆ ನಿಲ್ಲಿಸಿ, ತೋಳು, ಕುತ್ತಿಗೆ, ಮೊಣಕೈಯ ಹಿಂದೆ ಒಂದೊಂದು ಅಂಗುಲವನ್ನೂ ನೋಡುತ್ತಿದ್ದ. ಕಣ್ಣು ಮುಚ್ಚು ಎಂದು ಬೂರುಗದ ಹತ್ತಿಯ ಎಳೆಯಿಂದ ಮುಟ್ಟಿ, "ಎಲ್ಲಿ?" ಎಂದು ಕೇಳುತ್ತಿದ್ದ. ಅಪ್ಪನ ಆಟ ಎಂದು ಅವಳು ಅಷ್ಟು ವರ್ಷ ಸಹಿಸಿಕೊಂಡಳು. ಶಾಲೆಗೆ ಹೋಗುವ ಹುಡುಗಿ ಎತ್ತರಕ್ಕೆ ಬೆಳೆದಳು. ಒಂದು ಭಾನುವಾರ ಹತ್ತಿ ಹಿಡಿದು ಬಂದ ಅಪ್ಪನನ್ನು ನೋಡಿ ಒದ್ದೆಕೂದಲು ಹಿಂಡುತ್ತಲೇ ತಲೆಯಾಡಿಸಿದಳು.

"ಸಾಕು ಅಪ್ಪಾ. ನಂಗೆ ಎಲ್ಲಾ ಬದಿಯೂ ಗೊತ್ತಾತದೆ."

"ಒಂದೇ ಸಲ."

"ಇಲ್ಲ. ನಂಗೆ ನಾಚಿಕೆ ಆತದೆ."

ಅವನು ನಾಗುವಿನ ಕಡೆ ನೋಡಿದ. ಅವಳು ಹೊಸ ಕುರ್ಚಿಯ ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು. ಗೆರೆ ನಿಲ್ಲಿಸದೆ, "ಬಿಡು," ಎಂದಳು. ಬೆಳ್ಳಿ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಜಟ್ಟ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಹತ್ತಿಯ ಎಳೆ ಗಾಳಿಗೆ ಹಾರಿಹೋಯಿತು. ಒಳಗಿನಿಂದ ಅವಳು ಬಳೆ ಸರಿಸಿಕೊಳ್ಳುವ ಸದ್ದು, ಏನನ್ನೋ ಗುನುಗುವ ಸದ್ದು ಕೇಳುತ್ತಿತ್ತು. ಕಿವಿಗೊಟ್ಟು ಕೇಳಿದ. ಆಮೇಲೆ ಹೋಗಿ ನಾಗುವಿನ ಎದುರು ಕುಳಿತು, ಬಟ್ಟೆಯ ಇನ್ನೊಂದು ತುದಿಯನ್ನು ಎಳೆದು ಹಿಡಿದುಕೊಂಡ.